ಅಣ್ಣನ ಮೃತ್ಯುಪತ್ರ ಓದುವವರು

ರಿಕ್ಷಾದ ಪರದೆ ಮತ್ತೆ ಮತ್ತೆ ಮೊಣಕೈಗೆ ಬಡಿಯುತ್ತಿದೆ, ಸರಿಸಬೇಕು, ಸರಿಸಿದರೆ ಚೀಲದ ಮೇಲಿನ ಕೈ ತೆಗೆಯಬೇಕು, ಚೀಲದಲ್ಲಿ ಕಲ್ಲಯ್ಯಣ್ಣನ ಮೃತ್ಯುಪತ್ರ, ಎರಡೇ ಹಾಳೆ, ಅಣ್ಣ ತೀರಿಕೊಂಡು ನಲವತ್ತು ದಿನ, ಸಾಂಗಲಿ ಕೋರ್ಟಿನ ಎದುರು ಇವತ್ತು ಮೂವರು ವಕೀಲರು ಬಿಚ್ಚಿ ನೋಡಿ ಮಡಚಿ ಕೊಟ್ಟರು, ಇದು ಕಾನಡಿ, ಬಾಯಿ, ನಮಗೆ ಕನ್ನಡ ಓದಲು ಬಾರದು, ಮೊದಲು ಮರಾಠಿ ಮಾಡಿಸಿ ತನ್ನಿ — ಯಾರಿಂದ ಮಾಡಿಸಲಿ, ನಾನೇ ಮಾಡಿದರೆ ಯಾರು ನಂಬುತ್ತಾರೆ, ಪಕ್ಕದಲ್ಲಿ ನಿಲೇಶ, ಅಣ್ಣನ ಒಬ್ಬನೇ ಮಗ, ಹೆಂಡತಿ ಪ್ರಣಾಲಿ ಕಳಿಸಿದ ಗೋಡೆ ಬಣ್ಣಗಳನ್ನು ಮೊಬೈಲಿನಲ್ಲಿ ನೋಡುತ್ತಿದ್ದಾನೆ, ಮ್ಯಾಲಿನ ಖೋಲಿಗೆ ತಿಳಿ ಹಸಿರು ಹಚ್ಚೂಣ ಆತ್ಯಾ, ನಿಮಗ ಕೆಳಗಿಂದು ಸಾಕಲ್ಲ, ಮೆಟ್ಟಲಾ ಹತ್ತೂದು ತಪ್ಪತೈತಿ, ಪ್ರೀತಿಯಿಂದಲೇ ಹೇಳಿದ, ಮನೆ ತನ್ನದೆಂಬುದರಲ್ಲಿ ಅವನಿಗೆ ಅನುಮಾನವೇ ಇಲ್ಲ, ನನಗೆ ಅದೇ ಹೆದರಿಕೆ. ಮರಾಠಿ ಶಾಲೆಯಲ್ಲಿ ಕಲಿತವನು, ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು, ಓದಬಲ್ಲವಳು ನಾನೊಬ್ಬಳೇ, ಓದಿದ್ದೇನೆ, ಏಳು ಸಲ, ಅಪ್ಪಾ ಏನ ಬರದಾರ ಅಂದಾಗ ವಕೀಲರು ಓದ್ಲಿ ಬಿಡಪಾ ಅಂದೆ — ಬೇರೆಯವರ ಬಾಯಿಂದ ಬರಲಿ, ನನ್ನ ಬಾಯಿಂದ ಬೇಡ. ಇಪ್ಪತ್ತಾರನೇ ವಯಸ್ಸಿಗೆ ಗಂಡನ ಮನೆ ಬಿಟ್ಟು ಬಂದಾಗ ಅಣ್ಣ ಏನೂ ಕೇಳದೆ ಟ್ರಂಕು ಎತ್ತಿಕೊಂಡ, ಇವನ ತಾಯಿ, ನನ್ನ ವೈನಿ, ತೀರಿಕೊಂಡಾಗ ಇವನಿಗೆ ಆರು ವರ್ಷ, ಜ್ವರ ಬಂದರೆ ನನ್ನ ಸೆರಗು ಹಿಡಿದೇ ಮಲಗುತ್ತಿದ್ದ, ನಾಳೆಯಿಂದ ನನ್ನನ್ನು ಏನೆಂದು ನೋಡುತ್ತಾನೆ, ಮುಪ್ಪಿನವನ ಹತ್ತಿರ ಕೂತು ಬರೆಸಿಕೊಂಡವಳೆಂದೇ. ಮಿರಜ ಬಂತು, ಸಿದ್ದಪ್ಪ ವಕೀಲರಿಗೆ ಕನ್ನಡ ಚೆನ್ನಾಗಿ ಬರುತ್ತದಂತೆ, ಕೋರ್ಟಿನ ಚಹಾದವನು ಹೇಳಿದ, ಒಬ್ಬರಾದರೂ ಸಿಕ್ಕರಲ್ಲ, ಮೆಟ್ಟಿಲು ಕಡಿದು, ಉಸಿರು ಸಾಲದು —

ವಕೀಲರ ಕಣ್ಣಿಗೆ ಕಪ್ಪು ಕನ್ನಡಕ. ಒಳಗೆ ಕೂತು ಯಾಕೆ ಕಪ್ಪು ಕನ್ನಡಕ, ಬರ್ರಿ, ಕುಂದ್ರಿ, ಮೊನ್ನೆ ಕಣ್ಣಿನ ಪೊರಿ ತಗಸೇನಿ, ಎಂಟು ದಿನಾ ಓದಬ್ಯಾಡ ಅಂದಾರ, ನೀವ ಓದ್ರಿ ಬಾಯಿ, ನಾ ಕೇಳ್ತೀನಿ. ನಾನೇ. ಎಂಟು ದಿನ ಬಿಟ್ಟು ಬರುತ್ತೇವೆ ಅನ್ನಲೇ, ಬಾಯಿ ತೆರೆಯುವಷ್ಟರಲ್ಲಿ ನಿಲೇಶ, ಓದ್ರಿ ಆತ್ಯಾ, ಹ್ಯಾಂಗೂ ಬಂದೇವಿ. ಹಾಳೆ ಬಿಚ್ಚಿ ಓದತೊಡಗಿದೆ, ನಾನು ಕಲ್ಲಯ್ಯ, ಸ್ವಂತ ಬುದ್ಧಿಯಿಂದ ಬರೆಯುವುದೇನೆಂದರೆ, ನನ್ನ ಅಂಗಡಿ ಮಗ ನಿಲೇಶನಿಗೆ, ನಾನು ವಾಸವಿರುವ ಮನೆ — ಒಂದೇ ಶಬ್ದ, ಮಗನಿಗೆ ಅಂದುಬಿಟ್ಟರೆ ಆಯಿತು, ರಾತ್ರಿ ಊಟಕ್ಕೆ ಎಲ್ಲರೂ ಮೊದಲಿನಂತೆ ಕೂರುತ್ತೇವೆ, ಎಂಟು ದಿನ ಬಿಟ್ಟು ಇವರು ಓದಿದರೆ, ಓದಿದರೇನು, ನನ್ನದನ್ನು ನಾನೇ ಬಿಟ್ಟದ್ದು, ಬಿಟ್ಟು ಕೆಳಗಿನ ಖೋಲಿಯಲ್ಲಿ ಯಾರ ಮನೆಯವಳಾಗಿ ಇರಲಿ, ಅಣ್ಣ ಅದನ್ನೇ ಯೋಚಿಸಿ ಬರೆದನಲ್ಲ — ಮನೆ ನನ್ನ ತಂಗಿ ಅಲಕಾಳಿಗೆ. ಓದಿದೆ. ನನ್ನ ದನಿಯೇ, ಬೇರೆ ಯಾರದೋ ಅನ್ನಿಸಿತು.

ಫ್ಯಾನು ತಿರುಗುತ್ತಿದೆ. ಪುನ್ಹಾ ಓದ್ರಿ ಆತ್ಯಾ. ಇನ್ನೊಮ್ಮೆ ಓದಿದೆ, ಅಲಕಾಳಿಗೆ. ಎಲ್ಲೈತಿ, ತೋರಸ್ರಿ, ಕುರ್ಚಿ ಎಳೆದುಕೊಂಡು ಹಾಳೆಯ ಮೇಲೆ ಬಗ್ಗಿದ, ನಿಮ್ಮ ಹೆಸರು ಎಲ್ಲೈತಿ, ಇಲ್ಲಿ ನೋಡಪಾ, ಇದು ಅ, ಇದು ಲ — ಅವನ ಬೆರಳು ಅ ಮೇಲೆ ಬಂದು ನಿಂತಿತು, ಓದಲಾರದ ಬೆರಳು, ಉಗುರು ಬೆಳ್ಳಗಾಗುವಷ್ಟು ಒತ್ತಿದ್ದಾನೆ, ಮುಖ ನೋಡುವ ಧೈರ್ಯವಿಲ್ಲ ನನಗೆ, ಬೆರಳನ್ನೇ ನೋಡುತ್ತಿದ್ದೇನೆ, ಮುಂದಿನ ಅಕ್ಷರಕ್ಕೆ ಹೋಗಲೊಲ್ಲದು, ಹಾಳೆಯಿಂದ ಏಳಲೊಲ್ಲದು, ಬೆರಳು, ಅಣ್ಣನ ಶಾಯಿಯ ಮೇಲೆ, ಆ ಬೆರಳು —