ಕತ್ತಲಲ್ಲಿ ಹನ್ನೊಂದು ಹೆಜ್ಜೆ

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಹೆಜ್ಜೆ ಅಕ್ಕ ಎಂದೇ. ಶೂಟಿಂಗಿನಲ್ಲಿ ಜನರೇಟರು, ಫ್ಯಾನು, ಗುಂಪಿನ ಗಲಾಟೆ ಎಲ್ಲ ಸೇರಿ ನಡಿಗೆಯ ಸದ್ದು ಕೆಟ್ಟುಹೋಗುತ್ತದೆ. ಅದನ್ನು ಆಮೇಲೆ ಕಿಟಕಿಯಿಲ್ಲದ ಕೋಣೆಯಲ್ಲಿ, ಪರದೆಯ ಮೇಲೆ ಚಿತ್ರ ಓಡಿಸಿಕೊಂಡು, ಹೊಸದಾಗಿ ಮಾಡಬೇಕು. ಆ ಕೋಣೆಯ ನೆಲದಲ್ಲಿ ಒಂದು ಚೌಕ ಮರಳು, ಒಂದು ಚೌಕ ಜಲ್ಲಿ, ಒಂದು ಕಲ್ಲುಚಪ್ಪಡಿ, ಒಂದು ಕಿರುಗುಟ್ಟುವ ಹಲಗೆ. ಹೀರೊನ ಬೂಟಿಗೆ ಹಳೇ ಬಟ್ಟೆ ತುರುಕಿ, ಅದರಲ್ಲಿ ತನ್ನ ಪುಟ್ಟ ಪಾದ ಇಳಿಸಿ, ಅವಳು ಹದಿನಾಲ್ಕು ವರ್ಷದಿಂದ ಆ ನಾಲ್ಕು ಚೌಕಗಳ ಮೇಲೇ ನಡೆಯುತ್ತ ಬಂದಿದ್ದಳು. ಅವಳ ನೋಟ ಇರುತ್ತಿದ್ದುದು ಹೀರೊನ ಭುಜದ ಮೇಲೆ. ಕಾಲು ಎಷ್ಟೋ ಸಲ ಪರದೆಯ ಚೌಕಟ್ಟಿನೊಳಗೆ ಇರುವುದಿಲ್ಲ, ಭುಜ ಇರುತ್ತದೆ. ಭುಜ ಇಳಿದಾಗ ಹಿಮ್ಮಡಿ ಬಿತ್ತು ಅಂತ ಲೆಕ್ಕ.

ಮೂರು ತಿಂಗಳಿಂದ ಅವಳ ಬಲ ಮಂಡಿ ಹಟ ಹಿಡಿದಿತ್ತು. ಆಪರೇಷನ್ ಆಗಬೇಕು, ಆಮೇಲೆ ಎರಡು ತಿಂಗಳು ಕಾಲೂರುವ ಕೆಲಸ ಬೇಡ ಎಂದು ಡಾಕ್ಟರು ಹೇಳಿದ್ದರು. ಅವಳು ಆ ಚೀಟಿಯನ್ನು ಮಡಿಸಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು. ಎರಡು ತಿಂಗಳು ಖಾಲಿ ಬಿದ್ದರೆ ಆ ಬೂಟಿನೊಳಗೆ ಇನ್ನೊಬ್ಬರ ಕಾಲು ಬಂದು ಕೂರುತ್ತದೆ, ಒಮ್ಮೆ ಕೂತರೆ ಏಳುವುದಿಲ್ಲ. ಮನೆಯಲ್ಲಿ ಅತ್ತೆ, ನಾಲ್ಕನೇ ಕ್ಲಾಸಿನ ಮಗಳು. ದುಡಿಯುವ ಕಾಲು ಇವೆರಡೇ.

ಅದು ಆ ವರ್ಷದ ದೊಡ್ಡ ಚಿತ್ರ. ಬಿಡುಗಡೆಗೆ ಐದು ವಾರ ಇರುವಾಗ ಪ್ರಚಾರದವನು ಏದುಸಿರು ಬಿಡುತ್ತ ಕೋಣೆಗೆ ಬಂದ. ಟೀಸರಿಗೆ ಹೊಸ ಉಪಾಯವಂತೆ. ಹೀರೊನ ಮುಖ ತೋರಿಸುವುದಿಲ್ಲ, ಪರದೆ ಪೂರ್ತಿ ಕಪ್ಪು, ಹನ್ನೊಂದು ಹೆಜ್ಜೆ, ಆಮೇಲೆ ತಾರೀಖು. ಅರ್ಧ ಗಂಟೆಯಲ್ಲಿ ಬೇಕು ಎಂದ. ಅಕ್ಕ ಬೂಟು ಹಾಕಿಕೊಂಡು ಕಲ್ಲುಚಪ್ಪಡಿ ಹತ್ತಿದಳು. ಎದುರಿಗೆ ಖಾಲಿ ಪರದೆ. ಅವಳು ನಡೆದಳು. ಸೌಂಡ್ ಎಂಜಿನಿಯರ್ ಒಂದು ಕಿವಿಯಲ್ಲಿ ಹೆಡ್‌ಫೋನು, ಇನ್ನೊಂದರಲ್ಲಿ ಪ್ರಚಾರದವನ ಆತುರ ಕೇಳಿಸಿಕೊಳ್ಳುತ್ತ ರೆಕಾರ್ಡು ಮಾಡಿ ಕಳಿಸಿಬಿಟ್ಟ.

ಟೀಸರು ಬಂದ ದಿನವೇ ಊರು ಹುಚ್ಚೆದ್ದಿತು. ಎಡಗಾಲು ಟಕ್ ಎನ್ನುತ್ತಿತ್ತು, ಬಲಗಾಲು ಒಂದಿಷ್ಟು ಸವರಿಕೊಂಡು ಬಂದು ಆಮೇಲೆ ಟಕ್ ಎನ್ನುತ್ತಿತ್ತು. ಹೀರೊ ಯಾಕೆ ಕುಂಟುತ್ತಾನೆ, ಗುಂಡು ಬಿತ್ತೇ, ಜೈಲಿನಲ್ಲಿ ಕಾಲು ಮುರಿದರೇ ಎಂದು ಚರ್ಚೆಯೋ ಚರ್ಚೆ. ಬಸ್ ಸ್ಟಾಪಿನಲ್ಲಿ ಕಾಲೇಜು ಹುಡುಗರು ಬಲಗಾಲು ಎಳೆದುಕೊಂಡು ಬಸ್ಸು ಹತ್ತತೊಡಗಿದರು. ಥಿಯೇಟರಿನವರು ಬೆಳಗಿನ ಆಟ ಇನ್ನೊಂದಿರಲಿ ಎಂದು ಕೇಳಿದರು. ಚಿತ್ರದಲ್ಲಿ ಮಾತ್ರ ಹೀರೊ ಗೂಟದ ಹಾಗೆ ನೆಟ್ಟಗೆ ನಡೆಯುತ್ತಿದ್ದ. ಸದ್ದಿನ ಕುಂಟು ನಿರ್ದೇಶಕರ ಗುಟ್ಟು ಎಂದು ಪ್ರಚಾರದವನು, ಪ್ರಚಾರದವನ ಕೈಚಳಕ ಎಂದು ನಿರ್ದೇಶಕರು, ನಾಲ್ಕು ದಿನ ಒಬ್ಬರನ್ನೊಬ್ಬರು ಹೊಗಳಿಕೊಂಡೇ ಕಳೆದರು.

ಅಕ್ಕನಿಗೆ ಟೀಸರು ಕೇಳುವಷ್ಟು ಪುರುಸೊತ್ತಿರಲಿಲ್ಲ. ಐದನೇ ದಿನ ಸಂಜೆ ಅವಳು ಮೂರನೇ ಮಹಡಿ ಹತ್ತಿ ಬರುವಷ್ಟರಲ್ಲಿ ಮಗಳು ಅಜ್ಜಿಯ ಮೊಬೈಲು ಹಿಡಿದು ಬಾಗಿಲು ತೆರೆದು ನಿಂತಿದ್ದಳು.

"ಅಜ್ಜಿ, ನಾನ್ ಹೇಳ್ಲಿಲ್ವಾ? ಇದು ಅಮ್ಮ ಮೆಟ್ಲು ಹತ್ತೋ ಸದ್ದೇ."

ಮಗಳು ಮತ್ತೆ ಹಾಕಿದಳು. ಅಕ್ಕ ಗೋಡೆ ಹಿಡಿದು ಕೇಳಿದಳು. ಎಂಟನೇ ಹೆಜ್ಜೆಗೆ ಅವಳಿಗೆ ಗುರುತು ಸಿಕ್ಕಿತು. ಚಿತ್ರ ಎದುರಿಗಿದ್ದಾಗ ಹಲ್ಲು ಕಚ್ಚಿ ಹೀರೊನ ನಡಿಗೆ ನಡೆಯುತ್ತಿದ್ದಳು. ಚಿತ್ರವೇ ಇಲ್ಲದ ಆ ಅರ್ಧ ಗಂಟೆ ತನ್ನದೇ ನಡಿಗೆ ನಡೆದುಬಿಟ್ಟಿದ್ದಳು.

ಅತ್ತೆ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಮಗೂಗೆ ಕೇಳ್ಸಿದ್ದು ನಂಗೆ ಕೇಳ್ಸಲ್ಲ ಅಂದ್ಕೊಂಡ್ಯಾ? ಬೀರುನಲ್ಲಿರೋ ಚೀಟಿನೂ ನೋಡಿದೀನಿ. ನೀನಾಗೇ ಹೇಳ್ತೀಯಾ ಅಂತ ಕಾಯ್ತಿದ್ದೆ. ನನ್ನ ತಾಳ್ಮೆಗಿಂತ ನಿನ್ನ ಬಾಯಿಬೀಗ ಗಟ್ಟಿ ಕಣೆ."

ಮರುದಿನ ನಿರ್ದೇಶಕರೂ ಪ್ರಚಾರದವನೂ ಒಟ್ಟಿಗೇ ಕೋಣೆಗೆ ಬಂದರು. ಒಬ್ಬರನ್ನೊಬ್ಬರು ಕೇಳಿ, ಇಬ್ಬರ ಕೈಚಳಕವೂ ಅಲ್ಲ ಎಂದು ಬಯಲಾಗಿತ್ತು. ಸದ್ದಿನಲ್ಲಿ ಕುಂಟು ಹಾಕಿದ್ದು ಯಾರು ಎಂದು ನಿರ್ದೇಶಕರು ಎಂಜಿನಿಯರನ್ನು ಕೇಳಿದರು. ಅವನು ಒಳ್ಳೆಯವನು, ಮಿಕ್ಸಿಂಗಿನಲ್ಲಿ ಕೈ ತಪ್ಪಿತು ಎಂದು ಶುರುಮಾಡಿದ. ಅಕ್ಕ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನಿಗೂ ಮನೆಯಿತ್ತು, ಮಕ್ಕಳಿದ್ದರು.

"ಅವನದಲ್ಲ ಸಾರ್, ನನ್ನ ಕಾಲು. ಮಂಡಿ ಹೋಗಿದೆ, ಆಪರೇಷನ್ ಆಗಬೇಕು. ಮೂರು ತಿಂಗಳಿಂದ ಮುಚ್ಚಿಟ್ಟಿದ್ದೆ."

ನಿರ್ದೇಶಕರು ಒಂದು ಸ್ಟೂಲು ಎಳೆದುಕೊಂಡು ಕೂತು, ಒಮ್ಮೆ ನಡೆದು ತೋರಿಸುತ್ತೀರಾ ಎಂದರು. ಅವಳು ಕಲ್ಲುಚಪ್ಪಡಿಯ ಮೇಲೆ, ಬರಿಗಾಲಲ್ಲೇ, ಬಚ್ಚಿಡದೆ ನಡೆದಳು. ನೋಡಿ ಮುಗಿಸಿದವರೇ ಅವರು ಫೋನು ತೆಗೆದು ಹೀರೊನ ಎರಡು ದಿನ ಕೇಳಿದರು. ಅವನ ಪ್ರವೇಶದ ದೃಶ್ಯ ಮತ್ತೆ ತೆಗೆಯಬೇಕು, ಹಳೇ ಗಾಯದ ಬಗ್ಗೆ ಒಂದು ಸಾಲು ಮಾತು ಸೇರಿಸಬೇಕು. ಈ ನಡಿಗೆಗೇ ಜನ ಟಿಕೆಟ್ ತೆಗೆದುಕೊಂಡಾಗಿದೆ.

"ಹಾಗಾದ್ರೆ ಅಕ್ಕ, ಆಪರೇಷನ್ ರಿಲೀಸ್ ಆದ್ಮೇಲೆ ಇಟ್ಕೊಳ್ಳಿ," ಎಂದ ಪ್ರಚಾರದವನು. ನಿರ್ದೇಶಕರು ನೋಡಿದ ನೋಟಕ್ಕೆ ಅವನು ಹೋಗಿ ಜಲ್ಲಿಯ ಚೌಕದಲ್ಲಿ ನಿಂತ.

ಹೀರೊ ಹವಾಯಿ ಚಪ್ಪಲಿಯಲ್ಲಿ ಬಂದ. ಪರದೆಯಲ್ಲಿ ಕಾಣುವಷ್ಟು ಎತ್ತರವಿರಲಿಲ್ಲ. ಹತ್ತು ಸಲ ಕುಂಟಿ ತೋರಿಸಿದ, ಹತ್ತೂ ಸಲ ನಾಟಕದ ಭಿಕ್ಷುಕನಂತೆ ಕಂಡ. ಅಕ್ಕ ನಗು ತಡೆದುಕೊಂಡಳು.

"ಕಾಲು ಎಳೀಬೇಡಿ ಸಾರ್. ಎಳೆಯೋದು ಯಾರಿಗೂ ಕಾಣಬಾರ್ದು ಅಂತ ನಡೀರಿ. ಕೆಲಸ ಹೋಗತ್ತೆ ಅನ್ನೋ ಭಯ ಇರ್ಲಿ. ಕಾಲು ತಾನಾಗೇ ಎಳೆಯತ್ತೆ."

ಅವನು ಸ್ಟೂಲಿನ ಮೇಲೆ ಕೂತು ಅವಳ ಮಂಡಿಯನ್ನೇ ನೋಡಿದ. ತನ್ನ ಮೊದಲ ಮೂರು ಚಿತ್ರ ಸೋತಾಗ ತಾನೂ ಹಾಗೇ ನಡೆದಿದ್ದೆ ಎಂದು ಮೆಲ್ಲಗೆ ಹೇಳಿ ಎದ್ದ. ಈ ಸಲ ಅವನ ಬೆನ್ನು ಬಿಗಿಯಿತು, ಭುಜ ಒಂದು ಕೂದಲೆಳೆ ಇಳಿಯಿತು. ಎಂಜಿನಿಯರ್ ಹೆಡ್‌ಫೋನು ತೆಗೆದಿಟ್ಟ.

ಹೊಸ ದೃಶ್ಯಕ್ಕೆ ಅಕ್ಕ ಬೂಟು ಹಾಕಿ ನಡೆದು, ಮರುವಾರ ಆಸ್ಪತ್ರೆ ಸೇರಿದಳು. ಎರಡು ತಿಂಗಳ ಮೇಲೆ ಏನು ಎಂದು ಕೇಳಿದ್ದಕ್ಕೆ ಸ್ಟುಡಿಯೋ ಮ್ಯಾನೇಜರು ನೋಡೋಣ ಎಂದಷ್ಟೇ ಹೇಳಿದ್ದ. ಎಂಜಿನಿಯರ್ ಮಾತ್ರ ಬೂಟನ್ನು, ಒಳಗಿನ ಬಟ್ಟೆ ತೆಗೆಯದೆ, ತನ್ನ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ್ದ.

ಬಿಡುಗಡೆಯ ದಿನ ಅತ್ತೆ ಮತ್ತು ಮಗಳು ಮೊದಲ ಆಟಕ್ಕೆ ಹೋದರು. ಮಗಳು ಮುಖ ಊದಿಸಿಕೊಂಡು ಬಂದಳು. ಹೀರೊ ಬಂದ ತಕ್ಷಣ ಎಲ್ಲರೂ ಶಿಳ್ಳೆ ಹೊಡೆದರಂತೆ, ಅಮ್ಮನ ಒಂದು ಹೆಜ್ಜೆಯೂ ಕೇಳಲಿಲ್ಲವಂತೆ. ದಿಂಬಿನ ಮೇಲೆ ಕಾಲಿಟ್ಟುಕೊಂಡು ಮಲಗಿದ್ದ ಅಕ್ಕ ನಕ್ಕಳು. ನಗುವಾಗ ಹೊಲಿಗೆ ಎಳೆಯಿತು.

ಎರಡು ತಿಂಗಳು ತುಂಬಿದ ದಿನ ಅವಳು ಸ್ಟುಡಿಯೋಗೆ ಹೋಗಿ ಬಂದಳು. ಎಂಜಿನಿಯರ್ ಬೀಗ ತೆಗೆದುಕೊಟ್ಟಿದ್ದ. ಇಡೀ ದಿನ ಮರಳಿನ ಮೇಲೆ, ಹಲಗೆಯ ಮೇಲೆ, ಹೊಸ ಚಿತ್ರದ ನಾಯಕನಾಗಿ ನಡೆದಿದ್ದಳು. ಸಂಜೆ ಒಂದೊಂದೇ ಮೆಟ್ಟಿಲು, ಎರಡೂ ಕಾಲು ಸಮನಾಗಿ ಊರಿ, ಎಲ್ಲೂ ಗೋಡೆ ಹಿಡಿಯದೆ ಹತ್ತಿದಳು. ಮೂರನೇ ಮಹಡಿಯಲ್ಲಿ ಬಾಗಿಲು ತೆರೆದಿರಲಿಲ್ಲ. ತಟ್ಟಿದಳು.

ಒಳಗಿನಿಂದ ಮಗಳು ಕೇಳಿದಳು, "ಯಾರು?"