ತಿರುವಿನ ಮನೆ

"ತಡೀರಿ, ತಡೀರಿ! ಗೋಡೆಗೆ ತಾಗ್ತಾ ಐತೆ!"

ಸಮೀವುಲ್ಲಾನ ಕೂಗಿಗೆ ಜನಾಜಾ ಹೊತ್ತವರು ಇದ್ದಲ್ಲೇ ನಿಂತರು. ಒಳಂಗಳದಿಂದ ಬೀದಿಬಾಗಿಲಿಗೆ ಹೋಗುವ ಇಕ್ಕಟ್ಟಾದ ಓಣಿ ಅರ್ಧದಲ್ಲಿ ಥಟ್ಟನೆ ಎಡಕ್ಕೆ ತಿರುಗುತ್ತಿತ್ತು. ಮುಂದಿನವರು ತಿರುವಿನಲ್ಲಿದ್ದರು, ಹಿಂದಿನವರು ಇನ್ನೂ ಅಂಗಳದ ಹೊಸಿಲಿನಲ್ಲೇ ಇದ್ದರು. ತೀರಿಕೊಂಡ ಅವನ ತಾಯಿ ಅಮೀರುನ್ನೀಸಾ ಮಲಗಿದ್ದ ಮರದ ಮಂಚ ಆ ಕಡೆಗೂ ಹೋಗದೆ, ಈ ಕಡೆಗೂ ಬಾರದೆ ಸಿಕ್ಕಿಕೊಂಡಿತ್ತು.

ಬೆಳಿಗ್ಗೆ ಮಸೀದಿಯಿಂದ ತಂದಾಗ ಖಾಲಿ ಮಂಚವನ್ನು ನೆಟ್ಟಗೆ ನಿಲ್ಲಿಸಿಕೊಂಡು ಒಳಗೆ ತಂದಿದ್ದರು. ಮನೆಗೆ ಬಂದ ಹೊಸದರಲ್ಲಿ ಬೀರುಗಳೂ ಹಾಗೆಯೇ ಬಂದಿದ್ದವು. ಆದರೆ ತಾಯಿಯನ್ನು ಹಾಗೆ ನಿಲ್ಲಿಸಲಾದೀತೆ?

ಹಿಂದಕ್ಕೆ ತಂದು ಅಂಗಳದ ದಾಳಿಂಬೆ ಗಿಡದ ಪಕ್ಕ ಇಳಿಸಿದರು. ಸಮೀವುಲ್ಲಾ ಬೆವರು ಒರೆಸಿಕೊಳ್ಳುತ್ತ ತಂಗಿಯ ಕಡೆ ತಿರುಗಿದ. ಮನೆಯ ನಕ್ಷೆ ಬರೆದವಳು ಅವಳೇ.

"ಮನುಷ್ಯರು ಒಂದಿನ ಮಲಗ್ಕೊಂಡೂ ಹೋಗ್ತಾರೆ ಅನ್ನೋದು ನಿನ್ನ ಓದಿನಲ್ಲಿ ಇರಲಿಲ್ವಾ ಫಿರೋಜಾ? ಇರಾನ್ ಅಂತೆ, ಇರಾನ್!"



*

ರಾಮನಗರದ ಅವರ ಹಳೆಯ ಮನೆಯ ಬಾಗಿಲು ನೇರ ಗಲ್ಲಿಗೆ ತೆರೆಯುತ್ತಿತ್ತು. ಹಿತ್ತಿಲಿನಲ್ಲಿ ಅಮೀರುನ್ನೀಸಾಳ ಗಂಡನ ರೇಷ್ಮೆ ರೀಲಿಂಗ್ ಶೆಡ್ಡು. ಗೂಡು ತರುವವರು, ನೂಲು ನೋಡುವವರು, ಸೌದೆಯವರು ಎಲ್ಲರೂ ಮನೆಯೊಳಗಿಂದಲೇ ಹೋಗಬೇಕು. ಅಮೀರುನ್ನೀಸಾಳ ಬಲಗೈ ದಿನವಿಡೀ ಸೆರಗಿನ ಅಂಚಿನಲ್ಲೇ ಇರುತ್ತಿತ್ತು. ಅವಳು ನಿದ್ದೆಯಲ್ಲಿದ್ದಾಗ ಯಾರಾದರೂ ಕೆಮ್ಮಿದರೂ ಆ ಕೈ ತಲೆಯ ಮೇಲೆ ಬಟ್ಟೆ ಎಳೆಯುತ್ತಿತ್ತು.

ಗಂಡ ತೀರಿಕೊಂಡು ಶೆಡ್ಡು ಮುಚ್ಚಿದ ಮೇಲೆ ಮಾಗಡಿ ರಸ್ತೆಯ ಹಿಪ್ಪುನೇರಳೆ ತೋಟದಲ್ಲಿ ಮನೆ ಕಟ್ಟುವ ಮಾತು ಬಂತು. ಬೆಂಗಳೂರಿನಲ್ಲಿ ಆರ್ಕಿಟೆಕ್ಟ್ ಆಗಿದ್ದ ಫಿರೋಜಾ, "ನಿಂಗೆ ಎಂಥ ಮನೆ ಬೇಕಮ್ಮಿ?" ಎಂದು ಕೇಳಿದಳು. ಆವರೆಗೆ ಯಾರೂ ಅಮೀರುನ್ನೀಸಾಳನ್ನು ಹಾಗೆ ಕೇಳಿರಲಿಲ್ಲ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ನಂಗೆ ಆಕಾಶ ಕಾಣಬೇಕು. ನಾನು ಮಾತ್ರ ಯಾರ್ಗೂ ಕಾಣಬಾರದು. ಅಂಥ ಮನೆ ಎಲ್ಲಾದ್ರೂ ಇರ್ತೈತಾ?"

ಓದುವಾಗ ಫಿರೋಜಾ ಇರಾನಿನ ಕಾಶಾನ್, ಯಜ್ದ್ ಊರುಗಳ ಹಳೆಯ ಮನೆಗಳನ್ನು ನೋಡಿ ಬಂದಿದ್ದಳು. ಬೀದಿಗೆ ಬರೀ ಗೋಡೆ. ಒಳಗೆ ಹೋದರೆ ನೀರಿನ ಕೊಳ, ಗಿಡ, ಸುತ್ತ ಕೋಣೆ. ಬಾಗಿಲು ತೆರೆದರೂ ಒಳಗಿನವರು ಕಾಣದಂತೆ ತಿರುವಿನ ಓಣಿ. ಅದನ್ನೇ ತಮ್ಮ ಸೈಟಿಗೆ, ಅಣ್ಣನ ಸಂಸಾರಕ್ಕೆ, ಎರಡು ಕಾರಿಗೆ ಹೊಂದಿಸಿ ನಕ್ಷೆ ಮಾಡಿದಳು. ಗಾರೆ ಕೆಲಸದ ಅಂಕಯ್ಯ ಹಗ್ಗ ಹಿಡಿದು ಓಣಿಗೆ ಗುರುತು ಹಾಕುವ ದಿನ ಅಮೀರುನ್ನೀಸಾ ಬಂದು ಆ ಗುರುತಿನ ನಡುವೆ ನಿಂತಳು.

"ಇಷ್ಟು ಅಗಲ ಯಾಕೆ? ಇನ್ನೂ ಒಸಿ ಕಿರಿದು ಮಾಡು."

"ಸಾಮಾನು ತರೋದು ಕಷ್ಟ ಆಗ್ತದಮ್ಮಿ."

"ಸಾಮಾನು ಹೆಂಗೋ ಬತ್ತದೆ. ಇಣುಕಿದ್ರೂ ಯಾರ್ಗೂ ಏನೂ ಕಾಣಬಾರದು."

ಫಿರೋಜಾ ನಕ್ಕು ಹಗ್ಗ ಸರಿಸಲು ಹೇಳಿದ್ದಳು.

ಹೊಸ ಮನೆಯಲ್ಲಿ ಅಮೀರುನ್ನೀಸಾಳಿಗೆ ಸಿಕ್ಕಿದ್ದು ಒಂದು ಬೇಸಿಗೆ, ಒಂದು ಮಳೆಗಾಲ. ತಲೆಗೆ ನೀರು ಹಾಕಿಕೊಂಡು ಕೊಳದ ಕಟ್ಟೆಯ ಮೇಲೆ ಕೂದಲು ಹರಡಿ ಕೂರುತ್ತಿದ್ದಳು. ಒಮ್ಮೆ ಸಮೀವುಲ್ಲಾ ಒಳಗೆ ಬಂದವನು ಆ ಬಿಳಿಗೂದಲಿನ ಹೆಂಗಸು ಯಾರೆಂದು ಒಂದು ಗಳಿಗೆ ತಿಳಿಯದೆ ನಿಂತುಬಿಟ್ಟಿದ್ದ.

*

"ಮಧ್ಯಾಹ್ನದ ಜುಹರ್ ನಮಾಜಿಗೆ ಹೊತ್ತಾಯ್ತು," ಎಂದ ಸಮೀವುಲ್ಲಾ. "ಅಂಕಯ್ಯನ್ನ ಕರೀರಿ. ಆ ಗೋಡೆ ಒಡೆದುಬಿಡ್ಲಿ."

ಅಂಕಯ್ಯ ಓರೆಯಾಗಿ ತೆರೆದಿದ್ದ ಬೀದಿಬಾಗಿಲ ಹೊರಗೇ ನಿಂತಿದ್ದ. ಮಾತು ಅವನಿಗೆ ಕೇಳಿಸಿತು. "ಒಡೆಯಾಕೆ ಎಷ್ಟೊತ್ತು ಸಾವ್ಕಾರ್ರೆ, ಹಾರೆ ತತ್ತೀನಿ. ಅಮ್ಮೋರು ಒಪ್ಪಿದ್ರೆ ಆಯ್ತು," ಎಂದ ಅಲ್ಲಿಂದಲೇ.

ಯಾವ ಅಮ್ಮೋರು ಎಂದು ಯಾರೂ ಕೇಳಲಿಲ್ಲ. ಫಿರೋಜಾ ಅಣ್ಣನ ಮುಖ ನೋಡಿದಳು. ಕಿರಿದು ಮಾಡಿಸಿದ್ದು ಅಮ್ಮಿ ಎಂದು ಒಂದು ಮಾತು ಹೇಳಿದ್ದರೆ ಅವನ ಸಿಟ್ಟು ಅಲ್ಲಿಗೆ ಇಳಿಯುತ್ತಿತ್ತು. "ತಪ್ಪು ನಂದೇ ಭಾಯ್. ಒಡಿಸು," ಎಂದಳು.

"ಯಾರೂ ಏನೂ ಒಡೆಯೋದು ಬೇಡ."

ಹೇಳಿದವಳು ಸತ್ತವಳ ತಂಗಿ ಅಕ್ಬರಿ ಬೇಗಂ. ಬೆಳಗ್ಗೆ ಅಕ್ಕನ ಮೈತೊಳೆದ ಅವಳ ಕೈಗಳಲ್ಲಿ ಕರ್ಪೂರದ ವಾಸನೆ ಇನ್ನೂ ಇತ್ತು. "ಒಡೆದ್ರೆ ಬೀದಿಯಿಂದ ಇಲ್ಲೀ ತನಕ ಬಟಾಬಯಲು. ಇವತ್ತೊಂದಿನ ಅವಳನ್ನ ಹಂಗೆ ಕಳಿಸ್ತೀರಾ? ಮಂಚ ಬೀದಿಬಾಗಿಲ ಹತ್ರ ಇಡ್ಲಿ. ಮಗ ಇದ್ದೀಯ, ಅವಳ ತಮ್ಮ ದಸ್ತಗೀರ ಅವ್ನೆ. ಹೊರಗಿನ ಗಂಡಸರು ಮುಟ್ಟೋದು ಬೇಡ, ನೀವೇ ಎತ್ಕೊಂಡು ಹೋಗ್ರಿ."

ದೇಹವನ್ನು ಚಾಪೆಯ ಮೇಲೆ ಇಳಿಸಿದ ಮೇಲೆ ಖಾಲಿ ಮಂಚ ಮತ್ತೆ ನೆಟ್ಟಗೆ ನಿಂತು, ತಿರುವು ದಾಟಿ ಬೀದಿಬಾಗಿಲ ಒಳಬದಿಗೆ ಹೋಯಿತು. ಬಿಳಿಯ ಕಫನ್ ಬಟ್ಟೆ ಸುತ್ತಿದ ದೇಹವನ್ನು ಸಮೀವುಲ್ಲಾ ತಲೆಯ ಕಡೆ, ಮುದುಕ ದಸ್ತಗೀರ್ ಮಾಮು ಕಾಲಿನ ಕಡೆ ಎತ್ತಿದರು. ಓಣಿಗೆ ಬರುವಷ್ಟರಲ್ಲಿ ನಡು ಜೋಲತೊಡಗಿತು. ಮಾಮುವಿನ ಉಸಿರು ಗೋಡೆಗಳ ನಡುವೆ ದೊಡ್ಡದಾಗಿ ಕೇಳಿಸಿತು.

ಫಿರೋಜಾ ಯಾರನ್ನೂ ಕೇಳದೆ ನುಗ್ಗಿ ತಾಯಿಯ ಸೊಂಟದ ಕೆಳಗೆ ಎರಡೂ ಕೈ ಕೊಟ್ಟಳು.

ತಿರುವಿನಲ್ಲಿ ಮೂವರೂ ಒಬ್ಬರಿಗೊಬ್ಬರು ಒತ್ತಿಕೊಂಡು, ಅಡ್ಡಡ್ಡವಾಗಿ ಒಂದೊಂದೇ ಹೆಜ್ಜೆ ಇಟ್ಟರು. ನಿದ್ದೆ ಹೋದ ಮಗುವನ್ನು ಹೆಗಲು ಬದಲಿಸುವಂತೆ ಅಮೀರುನ್ನೀಸಾಳನ್ನು ಮೆಲ್ಲಗೆ ಬಾಗಿಸಿ ಆ ಕಡೆಗೆ ದಾಟಿಸಿದರು. ಫಿರೋಜಾಳ ಮೊಣಕೈ ಗೋಡೆಗೆ ಉಜ್ಜಿಕೊಂಡು ಬಂತು.

ಮಂಚದ ಮೇಲೆ ಮಲಗಿಸಿ ಹಸಿರು ಚಾದರ ಹೊದಿಸಿದ ಮೇಲೆ ಸಮೀವುಲ್ಲಾ ತಂಗಿಯ ಕೈ ಹಿಡಿದು ನೋಡಿದ.

"ತರಚ್ತಾ?"

"ಇಲ್ಲ."

"ಒಳಗೆ ಹೋಗು," ಎಂದ. ಅವಳು ತಿರುವಿನ ಮರೆಗೆ ಸರಿದಳು. ಬೀದಿಬಾಗಿಲು ತೆರೆಯಿತು, ಕಲಿಮಾ ಹೇಳುವ ದನಿಗಳು ಎದ್ದವು, ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಏನೂ ಕೇಳಿಸಲಿಲ್ಲ. ಬೀದಿಯ ಸದ್ದು ಒಳಗೆ ಬಾರದಂತೆ ಅವಳೇ ದಪ್ಪ ಗೋಡೆ ಹಾಕಿಸಿದ್ದಳು.

ಬೀದಿಗೆ ಒಂದು ಕಿಟಕಿಯೂ ಇರಲಿಲ್ಲ. ಅವಳು ಮೆಟ್ಟಿಲು ಹತ್ತಿ ತಾರಸಿಗೆ ಓಡಿದಳು. ಅಲ್ಲಿನ ಗೋಡೆಯೂ ತಲೆಗಿಂತ ಎತ್ತರ. ನೀರಿನ ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿ ಅದರ ಮೇಲೆ ನಿಂತಾಗ ಗಾಳಿಗೆ ದುಪಟ್ಟಾ ಹೆಗಲಿಗೆ ಜಾರಿತು.

ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಜನಾಜಾ ಹೋಗುತ್ತಿತ್ತು. ಹೆಗಲು ಕೊಡಲು ಜನ ಮುಗಿಬೀಳುತ್ತಿದ್ದರು. ಎಲ್ಲರಿಗಿಂತ ಹಿಂದೆ, ಅಂಕಯ್ಯನ ಜೊತೆಗೆ, ದಸ್ತಗೀರ್ ಮಾಮು ನಡೆಯುತ್ತಿದ್ದ. ಅವನ ಎರಡು ಕೈಗಳೂ ಇನ್ನೂ ಎದೆಯ ಮುಂದೆ, ಏನನ್ನೋ ಎತ್ತಿಕೊಂಡಂತೆ ಮಡಚಿಕೊಂಡೇ ಇದ್ದವು.