ಕಾಗದದಲ್ಲಿ ಬರೆಯದ ಮಾತು

"ಹೆಗಲು ಸ್ವಲ್ಪ ಎತ್ತಿ ಹಿಡ್ಕೊಳ್ಳಿ ಅತ್ತಿಗೆ," ಎಂದ ಮೈದುನ, ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡೇ.

ಅವಳು ಗಂಡನ ಹೆಣದ ಹೆಗಲು ಎತ್ತಿದಳು. ಎಂಟು ತಿಂಗಳ ಕಾಯಿಲೆ ಅವನನ್ನು ಅರ್ಧ ಮಾಡಿತ್ತು. ಸೈನ್ಯದ ಕೋಟು ಮಾತ್ರ ಅಂದಿನ ಅಳತೆಯಲ್ಲೇ ಉಳಿದಿತ್ತು. ಮೈದುನ ಬೆನ್ನ ಹಿಂದೆ ಬಟ್ಟೆ ಮಡಿಸಿ ಪಿನ್ನು ಚುಚ್ಚುತ್ತಿದ್ದ.

"ಪೆಟ್ಟಿಗೆಯಿಂದ ಒಂದು ದಿನವೂ ಇದನ್ನ ಹೊರಗೆ ತೆಗೆದವರಲ್ಲ. ಈಗ ಯಾಕಪ್ಪ?"

"ಮತ್ತೇನು, ಹಿಟ್ಟಿನ ಗಿರಣಿ ಬನಿಯನ್ನಲ್ಲಿ ಕಳಿಸೋಕಾಗುತ್ತಾ?"

"ಕಳಿಸಿದ್ರೆ ನಮ್ಮಪ್ಪ ಅಂತ ಗುರುತಾದ್ರೂ ಸಿಗ್ತಿತ್ತು ಚಿಕ್ಕಪ್ಪ," ಎಂದಳು ಬಾಗಿಲಲ್ಲಿ ನಿಂತ ಮಗಳು. ಬೆಳಗಿನಿಂದ ಅವಳ ಕಣ್ಣು ಒದ್ದೆಯಾಗಿರಲಿಲ್ಲ. "ನನ್ನ ಒಂದು ಸಲವೂ ಎತ್ಕೊಂಡವರಲ್ಲ. ನಾನು ಅತ್ತರೆ ಚಪ್ಪಲಿ ಮೆಟ್ಕೊಂಡು ಹೊರಟೇಬಿಡೋರು."

ಮುಂದಿನ ಕೋಣೆಯಲ್ಲಿ ನೆರೆಯವರು ಗೋಡೆಗೆ ಒರಗಿ ಕೂತಿದ್ದರು.

"ಪುಣ್ಯಾತ್ಮ. ಒಂದು ಚಿಟಿಕೆ ಹಿಟ್ಟು ಕಡಿಮೆ ಕೊಟ್ಟವನಲ್ಲ."

"ಮಾತು ಮಾತ್ರ ಗಿರಣಿಗಿಂತ ಜೋರು. ಅವನು ಗುಟ್ಟು ಹೇಳಿದ್ರೆ ಮೂರನೇ ಬೀದಿಗೆ ಕೇಳ್ತಿತ್ತು."

ಯಾರೋ ನಕ್ಕರು, ನಗುವನ್ನು ಅರ್ಧಕ್ಕೇ ನುಂಗಿಕೊಂಡರು.

ಹೊರಬಾಗಿಲು ಕಿರುಗುಟ್ಟಿದಾಗಲೆಲ್ಲ ಒಳಗೆ ಹೆಂಡತಿ ತಲೆ ಎತ್ತಿ ನೋಡುತ್ತಿದ್ದಳು. ಗಂಡನಿಗೆ ಕಾಗದ ಬರೆಯುತ್ತಿದ್ದ ಹೆಂಗಸಿಗೆ ಸುದ್ದಿಯನ್ನು ನಿನ್ನೆ ಅವಳೇ ಕಳಿಸಿದ್ದಳು. ಬಸ್ಸು ತಪ್ಪಲಿ, ಕಾಲು ನೋಯಲಿ, ದೇವರೇ, ಆಕೆ ಬರದೇ ಇರಲಿ ಎಂದು ಈಗ ಅವಳೇ ಬೇಡಿಕೊಳ್ಳುತ್ತಿದ್ದಳು.

*

ಹೋದ ವಾರ, ಮಧ್ಯಾಹ್ನದ ಗಂಜಿ ಕುಡಿಸಿ ಬಾಯಿ ಒರೆಸುವಾಗ ಅವನು ಪಿಸುಗುಟ್ಟಿದ್ದ. ಅವನಿಗೆ ಪಿಸುಮಾತು ಬರುತ್ತದೆಂಬುದೇ ಅವಳಿಗೆ ಗೊತ್ತಿರಲಿಲ್ಲ.

"ವರ್ಷಾ ವರ್ಷ ಕಾಗದ ಬರೀತಾಳಲ್ಲ ಆ ಹೆಂಗಸು. ಅವಳ ಗಂಡ ನನ್ನ ತೊಡೆ ಮೇಲೆ ತಲೆ ಇಟ್ಟು ನೆಮ್ಮದಿಯಾಗಿ ಹೋದ ಅಂತ ನಾನು ಬರ್ದಿದ್ದೆ."

"ಗೊತ್ತಲ್ಲ."

"ಹಾಗೆ ಹೋಗ್ಲಿಲ್ಲ ಕಣೇ."

ಒಂಬತ್ತು ಜನ ಒಂದು ಹಳ್ಳದಲ್ಲಿ ಅಡಗಿದ್ದರಂತೆ. ಹತ್ತನೆಯವನಾದ ಆ ಹೆಂಗಸಿನ ಗಂಡನಿಗೆ ಹೊಟ್ಟೆಗೆ ಗುಂಡು ತಗುಲಿತ್ತು. ಎರಡು ಮಾರು ಮೇಲೆ ಶತ್ರುಗಳ ಬೂಟಿನ ಸದ್ದು. ಅವನು ನರಳುತ್ತಿದ್ದ.

"ತೊಡೆ ಮೇಲೆ ಅವನ ತಲೆ ಇಟ್ಕೊಂಡು ಈ ಬಲಗೈಯಿಂದ ಬಾಯಿ ಮುಚ್ಚಿದೆ. ಅವರೆಲ್ಲ ದಾಟಿ ಹೋಗೋವರೆಗೂ ಹಾಗೇ ಒತ್ತಿ ಹಿಡಿದೆ. ಕೈ ತೆಗೆದಾಗ ಉಸಿರಿರ್ಲಿಲ್ಲ. ಗಾಯದಿಂದ ಹೋದ್ನೋ, ನನ್ನಿಂದ ಹೋದ್ನೋ..."

"ಒಂಬತ್ತು ಜೀವ ಉಳೀತಲ್ಲ ರೀ."

"ಉಳೀತು. ಅದನ್ನ ಅವಳಿಗೆ ಹೇಳ್ತೀಯಾ? ನಾನು ನಾಲ್ಕು ಸಲ ಅವಳ ಮನೆ ಮೂಲೆವರೆಗೆ ಹೋಗಿ ವಾಪಸ್ ಬಂದೆ. ನನ್ನ ಕೈಲಾಗ್ಲಿಲ್ಲ. ನೀನು ಹೇಳು."

ಸಾಯುವವನ ಮುಂದೆ ಇಲ್ಲ ಎನ್ನುವುದುಂಟೇ? ಹೇಳ್ತೀನಿ ಎಂದುಬಿಟ್ಟಳು. ಇಪ್ಪತ್ತಾರು ವರ್ಷ ಗಿರಣಿಯ ಆ ಗಡಗಡ ಸದ್ದಿನ ನಡುವೆ ಅವನು ಯಾಕೆ ನಿಂತಿದ್ದನೆಂಬುದು ಆ ಮಧ್ಯಾಹ್ನ ಅವಳಿಗೆ ತಿಳಿಯಿತು. ಕೂಸು ಅತ್ತಾಗ ಯಾಕೆ ಮನೆ ಬಿಟ್ಟು ಓಡುತ್ತಿದ್ದನೆಂಬುದೂ.

*

ಬಾಗಿಲು ಮತ್ತೆ ಕಿರುಗುಟ್ಟಿತು. ಬಟ್ಟೆಯ ಚೀಲ ಎದೆಗವಚಿಕೊಂಡ ಮುದುಕಿಯೊಬ್ಬಳು ಹೊಸ್ತಿಲಲ್ಲಿ ನಿಂತಿದ್ದಳು.

"ಕಾಗದ ಬರೀತಿದ್ದೋಳು ನಾನೇ."

ಕೂತವರು ಎದ್ದು ಜಾಗ ಬಿಟ್ಟರು. "ಅಣ್ಣನ ಜೊತೆ ಇದ್ದು ವೀರರಾಗಿ ಹೋದ್ರಲ್ಲ, ಅವರ ಮನೆಯವರು," ಎಂದು ಮೈದುನ ಎಲ್ಲರಿಗೂ ಕೇಳುವಂತೆ ಹೇಳಿದ. ಮುದುಕಿ ಅತ್ತ ತಿರುಗಿಯೂ ನೋಡದೆ ಒಳಗೆ ಬಂದು ಹೆಣದ ಪಕ್ಕ ಕುಕ್ಕರಿಸಿದಳು.

"ನಮ್ಮೋರಿಗೆ ಕೊನೇಗೆ ತಲೆ ಇಡೋಕೆ ಒಂದು ತೊಡೆ ಸಿಕ್ತಲ್ಲ ತಂಗಿ. ಆ ಒಂದು ಮಾತಿನ ಮೇಲೇ ನಾನು ಇಷ್ಟು ವರ್ಷ ನಿದ್ದೆ ಮಾಡಿದ್ದೀನಿ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ನೇನಾದ್ರೂ ಹೇಳಿದ್ರಾ ಇವರು? ಕಾಗದದಲ್ಲಿ ಬರೆಯೋಕೆ ಜಾಗ ಸಾಲದೆ ಬಿಟ್ಟದ್ದು?"

ಅವಳು ಮಗಳ ಕಡೆ, ಮೈದುನನ ಕಡೆ ನೋಡಿದಳು. "ನೀವೆಲ್ಲ ಒಂದು ಗಳಿಗೆ ಹೊರಗಿರಿ."

"ಅತ್ತಿಗೆ, ಗಾಡಿ ಬರೋ ಹೊತ್ತಾಯ್ತು."

"ನಿಂತಿರುತ್ತೆ. ಬಾಗಿಲು ಎಳ್ಕೊ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲ ಅಕ್ಕ, ಅಷ್ಟೇ ಹೇಳಿದ್ದು ಎಂದರೆ ಮುಗಿಯಿತು. ಈ ಮುದುಕಿ ಇವತ್ತೂ ನಿದ್ದೆ ಮಾಡುತ್ತಾಳೆ. ಆದರೆ ಗಂಡನ ಗಂಟಲಿನ ಮುಳ್ಳು ಇನ್ನು ಸಾಯುವವರೆಗೂ ತನ್ನ ಗಂಟಲಿನಲ್ಲಿ. ಕೊಟ್ಟ ಮಾತೂ ಅಲ್ಲೇ.

"ಅಕ್ಕ," ಎಂದಳು. "ತೊಡೆ ಮೇಲೆ ತಲೆ ಇಟ್ಟಿದ್ದು ನಿಜ. ನೆಮ್ಮದಿ ಅನ್ನೋದು ಸುಳ್ಳು."

ಹೇಳಿದಳು. ಹಳ್ಳ, ಬೂಟು, ನರಳಾಟ, ಒಂಬತ್ತು ಜನ. ಒಂದನ್ನೂ ಮುಚ್ಚಲಿಲ್ಲ, ಒಂದನ್ನೂ ಸೇರಿಸಲಿಲ್ಲ. ನಾಲ್ಕು ಸಲ ಮೂಲೆವರೆಗೆ ಬಂದು ಮರಳಿದ್ದನ್ನೂ ಹೇಳಿದಳು.

ಮುದುಕಿ ಅಳಲಿಲ್ಲ, ಶಪಿಸಲಿಲ್ಲ. ಚೀಲವನ್ನು ನೆಲದ ಮೇಲಿಟ್ಟಳು.

"ಎಷ್ಟು ಹೊತ್ತು?"

"ಅದನ್ನ ಹೇಳ್ಲಿಲ್ಲ ಅಕ್ಕ."

"ಯಾವ ಕೈ?"

"ಬಲಗೈ."

ಮುದುಕಿ ಕೋಟಿನ ತೋಳು ಸರಿಸಿ ಆ ಕೈ ಹುಡುಕಿದಳು. ಮಣಿಕಟ್ಟು ಹಿಡಿದು ಎತ್ತಲು ನೋಡಿದಳು. ಸೆಟೆದ ಕೈ ಬಾಗಲಿಲ್ಲ. ಆಗ ಅವಳೇ ನೆಲಕ್ಕೆ ಎರಡೂ ಮೊಣಕಾಲೂರಿ ಬಗ್ಗಿದಳು. ಆ ಅಂಗೈಯನ್ನು ತನ್ನ ಬಾಯಿಗೆ, ಮೂಗಿಗೆ ಅಡ್ಡವಾಗಿ ಇಟ್ಟುಕೊಂಡು, ತನ್ನೆರಡೂ ಕೈಗಳಿಂದ ಒತ್ತಿ ಹಿಡಿದಳು. ಅವಳ ಕಣ್ಣುಗಳು ತೆರೆದೇ ಇದ್ದವು.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. "ಅತ್ತಿಗೆ," ಎಂದು ಮೈದುನ ಬಾಗಿಲು ತಟ್ಟಿದ. ಮುದುಕಿಯ ಬಾಗಿದ ಬೆನ್ನು ಒಮ್ಮೆಯಾದರೂ ಉಸಿರಿಗೆ ಏಳುವುದೋ ಎಂದು, ತನ್ನ ಉಸಿರನ್ನೂ ಹಿಡಿದುಕೊಂಡು, ಅವಳು ನೋಡುತ್ತ ನಿಂತಳು.